ವಾಲ್ವ್ ಮೇಲಿನ ಮಸಿ, ಮನೆ ಅಂಗಳದ ಕೆಲಸ

ಎರಡು ತಿಂಗಳ ಹಿಂದೆ ಸ್ಪಾರ್ಕ್ ಪ್ಲಗ್ ಬಗ್ಗೆ ಉತ್ತರ ಬರೆಯುವಾಗ, ಕೆಲವು ಗಾಡಿಗಳಲ್ಲಿ ಇನ್‌ಟೇಕ್ ವಾಲ್ವ್ (ಸಿಲಿಂಡರಿಗೆ ಗಾಳಿ ಬಿಡುವ ಬಾಗಿಲು) ಮೇಲೆ ಕಾರ್ಬನ್ ಕೂತು ಎಂಜಿನ್ ನಡುಗುತ್ತದೆ ಅಂತ ಒಂದು ಸಾಲು ಸುಮ್ನೆ ಸೇರಿಸಿದ್ದೆ. ಆ ಒಂದು ಸಾಲು ನನ್ನನ್ನು ಬಿಡಲಿಲ್ಲ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ. ಹಾಗಾಗಿ ಈ ಸಲ ಪೂರ್ತಿ ಅದನ್ನೇ ಹಿಡಿದಿದ್ದೇನೆ. ಗೇರ್ ಬಾಕ್ಸ್ ಸದ್ದಿನ ಬಗ್ಗೆ ಕೇಳಿದ ನವಲಗುಂದದವರು ದಯವಿಟ್ಟು ಇನ್ನೊಂದು ತಿಂಗಳು ತಾಳಬೇಕು.

ಪ್ರಶ್ನೆ: ಸರ್, ನನ್ನದು 1.0 ಲೀಟರ್ ಟರ್ಬೊ ಪೆಟ್ರೋಲ್ ಗಾಡಿ. ಮೂರು ಸಿಲಿಂಡರ್, ಜಿಡಿಐ ಎಂಜಿನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗ 72,000 ಕಿ.ಮೀ. ಆಗಿದೆ. ನಾನು ಓಡಿಸುವುದು ಕಡಿಮೆ, ಮನೆಯಿಂದ ಅಂಗಡಿಗೆ ಎರಡು ಕಿ.ಮೀ., ತಿಂಗಳಿಗೊಮ್ಮೆ ಹುಬ್ಬಳ್ಳಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದೆರಡು ನಿಮಿಷ ಗಡಗಡ ನಡುಗುತ್ತದೆ, ಬಿಸಿಯಾದ ಮೇಲೆ ಸರಿ. ಚೆಕ್ ಎಂಜಿನ್ ಲೈಟ್ ಎರಡು ಸಲ ಬಂದು ಹೋಯಿತು. ಪ್ಲಗ್ ಹೊಸದು ಹಾಕಿಸಿದೆ. ಗ್ಯಾರೇಜಿನವರು "ಕಾರ್ಬನ್ ಕೂತದ, ಹೆಡ್ ಇಳಸಬೇಕು" ಅಂತಾರೆ. ಸ್ಕೂಟರ್ ಕೆಲಸವೆಲ್ಲ ನಾನೇ ಮಾಡಿಕೊಳ್ಳುತ್ತೇನೆ, ಪಾನಾ ಸೆಟ್ಟೂ ಇದೆ. ಇದನ್ನು ಮನೆಯಲ್ಲೇ ಮಾಡಬಹುದಾ?
— ಗದಗಿನ ಒಬ್ಬ ಅಂಗಡಿಕಾರರು

ಉತ್ತರ: ಮೊದಲನೆಯದಾಗಿ, ಹೆಡ್, ಅಂದರೆ ವಾಲ್ವ್ ಇರುವ ಎಂಜಿನ್ನಿನ ಮೇಲ್ಭಾಗ, ಇಳಿಸಬೇಕಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲು ಪೈಪು, ಬಿಚ್ಚಿದರೆ ಸಾಕು, ವಾಲ್ವಿನ ಬೆನ್ನು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಮಾಡಬಹುದು. ಆದರೆ ನಿಮ್ಮ ಗಾಡಿಗೆ ನಿಜವಾಗಿ ಬೇಕಾ ಅಂತ ನೋಡದೆ ಪಾನಾ ಕೈಗೆ ತಗೋಬೇಡಿ.

ಈ ಮಸಿ ಯಾಕೆ ಕೂರುತ್ತದೆ ಅನ್ನುವುದು ಗೊತ್ತಾದರೆ ಉಳಿದಿದ್ದೆಲ್ಲ ಸುಲಭ. ಹಳೆಯ ಎಂಪಿಎಫ್‌ಐ ಎಂಜಿನ್ನಿನಲ್ಲಿ ಇಂಜೆಕ್ಟರ್ ಇರುವುದು ವಾಲ್ವಿನ ಹೊರಗೆ, ಪೋರ್ಟಿನಲ್ಲಿ. ಪೆಟ್ರೋಲ್ ನೇರವಾಗಿ ಇನ್‌ಟೇಕ್ ವಾಲ್ವಿನ ಬೆನ್ನಿಗೇ ಬೀಳುತ್ತದೆ. ಪೆಟ್ರೋಲಿನಲ್ಲಿ ತೊಳೆಯುವ ರಾಸಾಯನಿಕವೂ ಸ್ವಲ್ಪ ಇರುತ್ತದೆ. ಅಂದರೆ ವಾಲ್ವಿಗೆ ದಿನಾ ಸ್ನಾನ. ಜಿಡಿಐನಲ್ಲಿ ಹಾಗಲ್ಲ, ಇಂಜೆಕ್ಟರ್ ಸಿಲಿಂಡರಿನ ಒಳಗೇ ಇದೆ, ಪೆಟ್ರೋಲ್ ಸೀದಾ ಅಲ್ಲಿಗೇ ಹೋಗುತ್ತದೆ, ವಾಲ್ವಿನ ಬೆನ್ನಿಗೆ ಒಂದು ಹನಿಯೂ ತಾಗುವುದಿಲ್ಲ. ಆದರೆ ಎಂಜಿನ್ ಹೊಟ್ಟೆಯಿಂದ ಏಳುವ ಆಯಿಲ್ ಆವಿ ಪಿಸಿವಿ ಪೈಪಿನಿಂದ ಇನ್‌ಟೇಕಿಗೇ ಬರುತ್ತದೆ. ಇಜಿಆರ್ ಇದ್ದರೆ ಹೊಗೆಯೂ ಸ್ವಲ್ಪ ವಾಪಸು ಬರುತ್ತದೆ. ಅದರ ಮೇಲೆ ಎಂಜಿನ್ನಿನ ಕಾವು. ನಮ್ಮ ಊರಿನ ಹಳೆಯ ಮಿರ್ಚಿ ಭಜಿ ಅಂಗಡಿಯಲ್ಲಿ ಒಲೆಯ ಹಿಂದಿನ ಗೋಡೆ ನೋಡಿದ್ದೀರಲ್ವಾ? ಎಣ್ಣೆಯ ಆವಿ, ಹೊಗೆ, ಕಾವು ಮೂರೂ ಸೇರಿ ಮೊದಲು ಜಿಡ್ಡು, ಆಮೇಲೆ ಅಂಟು, ಆಮೇಲೆ ಉಗುರಿನಿಂದ ಕೆರೆದರೂ ಬರದ ಕರಿ ಹೊಪ್ಪಳಿಕೆ. ನಿಮ್ಮ ವಾಲ್ವಿನ ಮೇಲೆ ಇರುವುದೂ ಅದೇ.

ಮಸಿ ಹೆಚ್ಚಾದಾಗ ಗಾಳಿಯ ದಾರಿ ಕಿರಿದಾಗುತ್ತದೆ, ಒಂದೊಂದು ಸಿಲಿಂಡರಿಗೆ ಒಂದೊಂದು ಅಳತೆಯ ಗಾಳಿ ಹೋಗುತ್ತದೆ. ತಣ್ಣಗಿದ್ದಾಗ ಇದು ಹೆಚ್ಚು ಗೊತ್ತಾಗುತ್ತದೆ. ಬೆಳಿಗ್ಗೆ ನಡುಗಿ ಆಮೇಲೆ ಸರಿಹೋಗುವುದು ಇದರದ್ದೇ ಲಕ್ಷಣ. ಆದರೆ ಇದರದ್ದೊಂದೇ ಅಲ್ಲ, ಅದೇ ತೊಂದರೆ. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಕೆಟ್ಟಿದ್ದರೂ, ಎಲ್ಲೋ ಒಂದು ಹೋಸ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದ್ದರೂ, ಇಂಜೆಕ್ಟರ್ ಸೋರುತ್ತಿದ್ದರೂ ಗಾಡಿ ಹೀಗೇ ನಡುಗುತ್ತದೆ. ಹಾಗಾಗಿ ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ತೋರಿಸುವ ಒಂದು ಸಣ್ಣ ಒಬಿಡಿ ಸ್ಕ್ಯಾನರ್ ತಗೊಂಡು ಓದಿ. ಪಿ0300 ಅಂದರೆ ಒಂದೇ ಸಿಲಿಂಡರ್ ಅಂತಿಲ್ಲದೆ ಎಲ್ಲೆಂದರಲ್ಲಿ ಮಿಸ್ ಆಗುತ್ತಿದೆ, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಪಿ0301, ಪಿ0302, ಪಿ0303 ಅಂದರೆ ಕೊನೆಯ ಅಂಕಿಯ ಸಿಲಿಂಡರ್. ಒಂದೇ ಸಿಲಿಂಡರ್ ತೋರಿಸಿದರೆ ಆ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ಕೋಡ್ ಕಾಯಿಲಿನ ಜೊತೆಗೇ ಹೋದರೆ ಕಾಯಿಲ್ ಬದಲಿಸಿ ಊಟಕ್ಕೆ ಕೂಡಿ, ಕೆಲಸ ಮುಗಿಯಿತು.

ಕೋಡ್ ಅಲ್ಲೇ ಉಳಿದರೆ ಕ್ಯಾಮೆರಾ. ಮೊಬೈಲಿಗೆ ಜೋಡಿಸುವ, ಉದ್ದ ವೈರಿನ ತುದಿಗೆ ಲೈಟ್ ಇರುವ ಎಂಡೋಸ್ಕೋಪ್ ಕ್ಯಾಮೆರಾ ಈಗ ಅಗ್ಗಕ್ಕೆ ಸಿಗುತ್ತದೆ. ಒಳಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಬಾಡಿ ತೆಗೆದು ಅದರೊಳಗಿಂದ ಬಿಟ್ಟರೆ ಕೆಲವು ಗಾಡಿಗಳಲ್ಲಿ ವಾಲ್ವಿನ ತನಕ ಹೋಗುತ್ತದೆ. ಕೆಲವದರಲ್ಲಿ ಮ್ಯಾನಿಫೋಲ್ಡ್ ತಿರುವು ಬಿಡುವುದಿಲ್ಲ. ವಾಲ್ವಿನ ಕಾಂಡ ತೆಳ್ಳಗೆ ಕಂದು ಬಣ್ಣದಲ್ಲಿ ಕಂಡರೆ ಮುಚ್ಚಿಬಿಡಿ, ಅದು ಸಹಜ. ಕಾಂಡದ ಸುತ್ತ ಕರಿ ಹೂಕೋಸು ಬೆಳೆದ ಹಾಗೆ ಕಂಡರೆ ಮಾತ್ರ ಮುಂದಿನದು ಓದಿ.

ಡಬ್ಬಿ ಸ್ಪ್ರೇ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ಎಂಜಿನ್ ಓಡುತ್ತಿರುವಾಗ ಇನ್‌ಟೇಕಿಗೆ ಹೊಡೆಯುವ ವಾಲ್ವ್ ಕ್ಲೀನರ್‌ಗಳು ಬರುತ್ತವೆ. ಮೇಲಿನ ಎಳೆಯ ಜಿಡ್ಡಿಗೆ ಅವು ಸ್ವಲ್ಪ ಕೆಲಸ ಮಾಡುತ್ತವೆ, ಸುಟ್ಟು ಗಟ್ಟಿಯಾದ ಪದರಕ್ಕೆ ನನ್ನ ಅನುಭವದಲ್ಲಿ ಏನೂ ಆಗಲಿಲ್ಲ. ಟರ್ಬೊ ಗಾಡಿಯಲ್ಲಿ ಇನ್ನೊಂದು ಭಯ ಇದೆ. ಗಟ್ಟಿ ತುಣುಕು ಕಿತ್ತು ಬಂದರೆ ಅದು ಸಿಲಿಂಡರ್ ದಾಟಿ ಟರ್ಬೈನಿನ ರೆಕ್ಕೆಗೆ ಬಡಿಯಬಹುದು. 72,000 ಕಿ.ಮೀ.ಯ ಮಸಿಗೆ ನಾನಂತೂ ಸ್ಪ್ರೇ ಹೊಡೆಯುವುದಿಲ್ಲ. ಮೊದಲಿನಿಂದ ಸ್ವಚ್ಛವಿರುವ ಗಾಡಿಗೆ ಆಯಿಲ್ ಬದಲಿಸುವ ಮುಂಚೆ ಹೊಡೆದುಕೊಂಡು ಬಂದರೆ ಅದು ಬೇರೆ ಮಾತು. ಆಗಲೂ ಏರ್ ಫ್ಲೋ ಸೆನ್ಸರ್ ದಾಟಿದ ಮೇಲೆಯೇ ಹೊಡೆಯಬೇಕು, ಸೆನ್ಸರ್ ಮೇಲೆ ಅಲ್ಲ.

ಈಗ ಕೈ ಕೆಲಸ. ಇಡೀ ಭಾನುವಾರ ಹಿಡಿಯುತ್ತದೆ, ಸೋಮವಾರ ಬೆಳಿಗ್ಗೆ ಗಾಡಿ ಬೇಕೇ ಬೇಕು ಅನ್ನುವವರು ಶುರು ಮಾಡಬೇಡಿ. ವಾರಂಟಿ ಇನ್ನೂ ಇದ್ದರೆ ಮುಟ್ಟಲೇಬೇಡಿ, ಶೋರೂಮಿನವರೇ ಮಾಡಲಿ. ಮೊದಲೇ ತಂದಿಟ್ಟುಕೊಳ್ಳಬೇಕಾದದ್ದು ಹೊಸ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಎರಡು ಮೂರು ಡಬ್ಬಿ ಕಾರ್ಬ್ ಕ್ಲೀನರ್ ಅಥವಾ ಇನ್‌ಟೇಕ್ ಕ್ಲೀನರ್, ಉದ್ದ ಹಿಡಿಕೆಯ ನೈಲಾನ್ ಮತ್ತು ಹಿತ್ತಾಳೆ ಬ್ರಶ್‌ಗಳು, ಕನ್ನಡಕ, ಕೈಗವಸು, ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್. ಇನ್ನೊಂದು, ಮೆಡಿಕಲ್ ಶಾಪಿನಿಂದ 50 ಎಂಎಲ್ ಸಿರಿಂಜು, ಅದರ ತುದಿಗೆ ಸಣ್ಣ ಪೈಪು. ಇದರಷ್ಟು ಉಪಯೋಗದ ಸಾಮಾನು ಇಡೀ ಕೆಲಸದಲ್ಲಿ ಇನ್ನೊಂದಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಕ್ಲೀನರ್ ಎಲ್ಲ ಬೇಗ ಹೊತ್ತಿಕೊಳ್ಳುವ ಸಾಮಾನು, ಮುಚ್ಚಿದ ಶೆಡ್ಡಿನಲ್ಲಿ ಬೇಡ, ಅಂಗಳದಲ್ಲಿ ಮಾಡಿ, ಪಕ್ಕದಲ್ಲಿ ಬೀಡಿ ಸೇದುವವರನ್ನು ನಿಲ್ಲಿಸಿಕೊಳ್ಳಬೇಡಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪ್ರತಿಯೊಂದು ಕನೆಕ್ಟರ್, ಪ್ರತಿಯೊಂದು ಹೋಸ್ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ. ಜಿಡಿಐನ ಹೈ ಪ್ರೆಶರ್ ಪೆಟ್ರೋಲ್ ಪೈಪಿಗೆ ಮಾತ್ರ ಪಾನಾ ಹಾಕಬೇಡಿ. ಅದರಲ್ಲಿ 100 ಬಾರ್ (ಒತ್ತಡದ ಅಳತೆ) ದಾಟಿದ ಒತ್ತಡ ಇರುತ್ತದೆ, ಚರ್ಮವನ್ನೇ ಸೀಳುತ್ತದೆ. ನಿಮ್ಮ ಗಾಡಿಯಲ್ಲಿ ಆ ಪೈಪು ತೆಗೆಯದೆ ಮ್ಯಾನಿಫೋಲ್ಡ್ ಹೊರಗೆ ಬರುವುದಿಲ್ಲ ಅಂತಾದರೆ ಇದು ಮನೆಯ ಕೆಲಸವಲ್ಲ, ಅಲ್ಲಿಗೇ ನಿಲ್ಲಿಸಿ.

ಮ್ಯಾನಿಫೋಲ್ಡ್ ಬಂದ ತಕ್ಷಣ ಎಲ್ಲ ಪೋರ್ಟಿಗೂ ಅರಿವೆ ತುರುಕಿ. ಇಲ್ಲಿ ನನ್ನ ಕತೆ ಹೇಳಲೇಬೇಕು. ಮೊದಲ ಸಲ ನನ್ನ ಗಾಡಿಗೆ ಮಾಡಿದಾಗ ಹಳೆ ಬನಿಯನ್ ಹರಿದು ತುಂಡು ತುಂಡು ಮಾಡಿ ತುರುಕಿದ್ದೆ. ಸಂಜೆ ಎಲ್ಲ ಜೋಡಿಸಿ, ಬೋಲ್ಟ್ ಬಿಗಿದು, ಚಹಾ ಕುಡಿಯುತ್ತಾ ತುಂಡು ಎಣಿಸಿದರೆ ಒಂದು ಕಡಿಮೆ. ಎದೆ ಧಸಕ್ಕೆಂದಿತು. ಮತ್ತೆ ಎಲ್ಲ ಬಿಚ್ಚಿದೆ, ಟಾರ್ಚ್ ಹಿಡಿದು ಒಂದೊಂದೇ ಪೋರ್ಟ್ ನೋಡಿದೆ, ಇಲ್ಲ. ರಾತ್ರಿ ಹತ್ತಕ್ಕೆ ಅದು ನನ್ನ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಹಾಗಾಗಿ ಕೆಂಪು ಬಣ್ಣದ ಅರಿವೆ ತಗೊಳ್ಳಿ, ಪ್ರತಿ ತುಂಡಿಗೂ ಉದ್ದ ದಾರ ಕಟ್ಟಿ, ದಾರದ ತುದಿ ಹೊರಗೆ ಜೋತಾಡುತ್ತಿರಲಿ.

ಇನ್ನು ಈ ಕೆಲಸದ ಜೀವಾಳ. ಯಾವ ಸಿಲಿಂಡರಿನ ವಾಲ್ವ್ ತೊಳೆಯುತ್ತೀರೋ ಅದರ ಎರಡೂ ಇನ್‌ಟೇಕ್ ವಾಲ್ವ್ ಪೂರ್ತಿ ಮುಚ್ಚಿರಬೇಕು. ಮೂರು ಸಿಲಿಂಡರಿಗೆ ಆರು ಇನ್‌ಟೇಕ್ ವಾಲ್ವ್, ಎಲ್ಲವೂ ಒಟ್ಟಿಗೆ ಮುಚ್ಚಿರುವುದಿಲ್ಲ. ಪ್ಲಗ್ ಮೂರೂ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ನಿಧಾನ ತಿರುಗಿಸಿ. ಅಲ್ಲಿಗೆ ಕೈ ಹೋಗದಿದ್ದರೆ, ಮ್ಯಾನುಯಲ್ ಗೇರಿನ ಗಾಡಿಯಾದರೆ, ಮೇಲಿನ ಗೇರ್ ಹಾಕಿ ಸಮತಟ್ಟು ನೆಲದಲ್ಲಿ ಗಾಡಿಯನ್ನು ಒಬ್ಬರು ಮೆಲ್ಲಗೆ ಮುಂದೆ ತಳ್ಳಿದರೂ ಕ್ರ್ಯಾಂಕ್ ತಿರುಗುತ್ತದೆ. ಟಾರ್ಚ್ ಬಿಟ್ಟು ನೋಡಿ, ವಾಲ್ವಿನ ಅಂಚಿನಲ್ಲಿ ಚಂದ್ರನ ಗೆರೆಯಷ್ಟು ಸಂದು ಕಂಡರೂ ಅದು ತೆರೆದಿದೆ ಅಂತ ಅರ್ಥ. ಮುಚ್ಚಿದೆ ಅನ್ನಿಸಿದ ಮೇಲೆ ಚಮಚದಷ್ಟು ಕ್ಲೀನರ್ ಹಾಕಿ ಐದು ನಿಮಿಷ ಕಾಯಿರಿ. ಮಟ್ಟ ಹಾಗೇ ನಿಂತರೆ ಮುಂದುವರಿಯಿರಿ. ಇಳಿದರೆ ಅದು ಸಿಲಿಂಡರಿಗೆ ಹೋಗುತ್ತಿದೆ, ಸಿರಿಂಜಿನಿಂದ ಎಳೆದು ಮತ್ತೆ ನೋಡಿ.

ಯಾಕೆ ಇಷ್ಟು ಭಯ ಅಂದರೆ, ದ್ರವವನ್ನು ಪಿಸ್ಟನ್ ಒತ್ತಲಾರದು. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿಗೆ ಗಾಡಿ ಇಳಿಸಿ ಎಂಜಿನ್ ಹೋಯಿತು ಅಂತ ಕೇಳಿರುತ್ತೀರಿ, ಕನೆಕ್ಟಿಂಗ್ ರಾಡ್ ಬಾಗುವುದು ಹಾಗೇ. ಕ್ಲೀನರ್ ತುಂಬಿದರೂ ಅಷ್ಟೇ. ಅಷ್ಟಾಗದೆ ಸ್ವಲ್ಪವೇ ಹೋದರೂ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಕೆಳಗಿನ ಎಂಜಿನ್ ಆಯಿಲಿಗೆ ಸೇರುತ್ತದೆ.

ಮುಚ್ಚಿದ ವಾಲ್ವ್ ಮುಳುಗುವಷ್ಟು ಕ್ಲೀನರ್ ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ನಮ್ಮ ಗದಗಿನ ಏಪ್ರಿಲ್ ಬಿಸಿಲಿಗೆ ಕಾರ್ಬ್ ಕ್ಲೀನರ್ ಅಷ್ಟರಲ್ಲಿ ಹಾರಿಹೋಗುತ್ತದೆ, ಮಧ್ಯೆ ಮಧ್ಯೆ ಸೇರಿಸುತ್ತಿರಬೇಕು. ಆಮೇಲೆ ಬ್ರಶ್ಶಿನಿಂದ ಉಜ್ಜಿ. ಕರಿ ಗಂಜಿ ಬರುತ್ತದೆ. ಸಿರಿಂಜಿನಿಂದ ಎಳೆಯಿರಿ, ಒರೆಸಿ, ಮತ್ತೆ ಹಾಕಿ, ಮತ್ತೆ ಉಜ್ಜಿ. ಒಂದು ವಾಲ್ವಿಗೆ ಮೂರು ಸಲವಾದರೂ ಆಗುತ್ತದೆ, ನಾಲ್ಕಾದರೂ ಬೇಸರ ಬೇಡ. ಗಟ್ಟಿ ಇದ್ದಲ್ಲಿ ಪ್ಲಾಸ್ಟಿಕ್ ಅಥವಾ ಬಿದಿರಿನ ಚೂಪು ಕಡ್ಡಿಯಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ವಾಲ್ವ್ ಕೂರುವ ಸೀಟಿಗೆ ಗೀರು ಬಿದ್ದರೆ ಆಗ ನಿಜವಾಗಿಯೂ ಹೆಡ್ ಇಳಿಸಬೇಕಾಗುತ್ತದೆ. ಡ್ರಿಲ್ಲಿಗೆ ತಂತಿ ಬ್ರಶ್ ಹಾಕುವುದೂ ಬೇಡ, ಒಂದು ತಂತಿ ಮುರಿದು ಒಳಗೆ ಬಿದ್ದರೆ ಹುಡುಕುವವರಾರು? ಕನ್ನಡಿಯಂತೆ ಹೊಳೆಯಬೇಕು ಅನ್ನುವ ಹಟ ಬಿಡಿ. ಲೋಹದ ಬಣ್ಣ ಕಂಡು, ಆಕಾರ ಮೂಲದ್ದಾದರೆ ಸಾಕು.

ಮುಂದಿನ ಸಿಲಿಂಡರಿಗೆ ಹೋಗಲು ಕ್ರ್ಯಾಂಕ್ ತಿರುಗಿಸುವ ಮುಂಚೆ ಹಿಂದಿನದು ಒಣಗಿದೆಯಾ ನೋಡಿ, ಪುಡಿ ಉಳಿದಿದ್ದರೆ ವ್ಯಾಕ್ಯೂಮಿನಿಂದ ಎಳೆಯಿರಿ. ಆದರೆ ಕ್ಲೀನರ್ ಹಸಿ ಇದ್ದಾಗ ವ್ಯಾಕ್ಯೂಮ್ ಹಚ್ಚಬೇಡಿ. ಅದರ ಮೋಟರಿನ ಕಿಡಿಗೆ ಆವಿ ಹೊತ್ತಿಕೊಳ್ಳುತ್ತದೆ.

ಜೋಡಿಸುವಾಗ ಹೊಸ ಗ್ಯಾಸ್ಕೆಟ್. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು, ಹೆಡ್ ಅಲ್ಯೂಮಿನಿಯಮ್ಮಿನದು, ಲಾರಿ ವೀಲಿಗೆ ಹಾಕುವ ಬಲ ಇಲ್ಲಿ ನಡೆಯುವುದಿಲ್ಲ. ಪ್ಲಗ್ ಹಾಕುವ ಮುಂಚೆ ಕಾಯಿಲಿನ ಕನೆಕ್ಟರ್ ಮತ್ತು ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದು, ಬ್ಯಾಟರಿ ಜೋಡಿಸಿ, ಮೂರ್ನಾಲ್ಕು ಸೆಕೆಂಡು ಸೆಲ್ಫ್ ಹೊಡೆಯಿರಿ. ಒಳಗೆ ದ್ರವ ಉಳಿದಿದ್ದರೆ ಪ್ಲಗ್ ತೂತಿನಿಂದ ಹೊರಗೆ ಚಿಮ್ಮುತ್ತದೆ, ಮುಖ ಅಲ್ಲಿ ಇಡಬೇಡಿ. ಆಮೇಲೆ ಪ್ಲಗ್, ಫ್ಯೂಸ್ ಎಲ್ಲ ಹಾಕಿ ಸ್ಟಾರ್ಟ್ ಮಾಡಿ. ಮೊದಲ ನಿಮಿಷ ಹೊಗೆ ಬರುತ್ತದೆ, ಒಂದೆರಡು ಸಲ ಮಿಸ್ಸಿಂಗ್ ಹೊಡೆಯುತ್ತದೆ, ಗಾಬರಿ ಬೇಡ. ಅದೇ ವಾರ ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿಬಿಡಿ.

ಇದೆಲ್ಲ ಓದಿ "ಅಯ್ಯೋ ಸಾಕು" ಅನ್ನಿಸಿದರೆ ತಪ್ಪೇನಿಲ್ಲ. ಅಕ್ರೋಟ್ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ವಾಲ್ವ್ ಸ್ವಚ್ಛ ಮಾಡುವ ಮಷೀನು ಇರುವ ವರ್ಕ್‌ಶಾಪ್ ಹುಡುಕಿ. ಅಕ್ರೋಟ್ ಸಿಪ್ಪೆ ಮಸಿಯನ್ನು ಕೀಳುತ್ತದೆ, ಲೋಹಕ್ಕೆ ಗೀರು ಹಾಕುವುದಿಲ್ಲ. ಅಲ್ಲಿಯೂ ಮ್ಯಾನಿಫೋಲ್ಡ್ ತೆಗೆಯಲೇಬೇಕು, ವಾಲ್ವ್ ಮುಚ್ಚಿರಲೇಬೇಕು. ಯಾರಾದರೂ ಸ್ಯಾಂಡ್ ಬ್ಲಾಸ್ಟಿಂಗ್ ಮಾಡುತ್ತೇವೆ ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ. ಒಂದು ಚಿಟಿಕೆ ಮರಳು ಒಳಗೆ ಹೋದರೆ ಸಿಲಿಂಡರ್ ಮುಗಿಯಿತು.

ಪ್ರಶ್ನೆ: ನನ್ನದು 2016ರ 1.2 ಎಂಪಿಎಫ್‌ಐ ಪೆಟ್ರೋಲ್ ಗಾಡಿ, 90,000 ಕಿ.ಮೀ. ತೊಂದರೆ ಏನಿಲ್ಲ. ಮುಂಜಾಗ್ರತೆಗೆ ವಾಲ್ವ್ ಕ್ಲೀನ್ ಮಾಡಿಕೊಳ್ಳಲಾ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೇಡ. ಕೈ ತುರಿಸುತ್ತಿದ್ದರೆ ಥ್ರಾಟಲ್ ಬಾಡಿ ಒರೆಸಿ, ಏರ್ ಫಿಲ್ಟರ್ ಬದಲಿಸಿ.

ಒಂದು ಮಾತು ಮಾತ್ರ ಎಲ್ಲರಿಗೂ. ಟರ್ಬೊ ಇದ್ದ ಮಾತ್ರಕ್ಕೆ ಜಿಡಿಐ ಅಂತಲ್ಲ. ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒ ತಗೊಳ್ಳಿ, ಅದೇ ಗಾಡಿ ಟಿಸಿಎಂಪಿಎಫ್‌ಐ ಮತ್ತು ಟಿಜಿಡಿಐ ಅಂತ ಎರಡು ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಬರುತ್ತದೆ. ಮೊದಲನೆಯದಕ್ಕೆ ಈ ಚಿಂತೆ ಇಲ್ಲ, ಎರಡನೆಯದಕ್ಕೆ ಇದೆ. ಹ್ಯುಂಡೈ, ಕಿಯಾಗಳ ಟಿ-ಜಿಡಿಐ, ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಟಿಎಸ್‌ಐ, ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್, ಇವೆಲ್ಲ ಸಿಲಿಂಡರಿನೊಳಗೆ ಪೆಟ್ರೋಲ್ ಹೊಡೆಯುವವು. ಮಾರುತಿಯ ಡ್ಯುಯಲ್‌ಜೆಟ್ ಹೆಸರು ಕೇಳಿ ಮೋಸ ಹೋಗಬೇಡಿ, ಅಲ್ಲಿ ಸಿಲಿಂಡರಿಗೆ ಎರಡು ಇಂಜೆಕ್ಟರ್ ಇದ್ದರೂ ಎರಡೂ ಪೋರ್ಟಿನಲ್ಲೇ ಇವೆ.

ಪ್ರಶ್ನೆ: ಕಾರು ತಗೊಂಡು ಒಂದೂವರೆ ವರ್ಷ, 14,000 ಕಿ.ಮೀ. ಸರ್ವಿಸಿಗೆ ಬಿಟ್ಟಾಗ "ಎಂಜಿನ್ ಡಿಕಾರ್ಬನೈಸಿಂಗ್ ಮಾಡಿಸಿ ಮೇಡಂ, ಇಲ್ಲದಿದ್ದರೆ ಎಂಜಿನ್ ಹಾಳಾಗುತ್ತದೆ" ಅಂತ ಹೇಳಿ ಬಿಲ್ಲಿಗೆ ಸೇರಿಸಿದರು. ನಿಜವಾಗಿ ಬೇಕಿತ್ತಾ?
— ಧಾರವಾಡದ ಒಬ್ಬ ಉಪನ್ಯಾಸಕಿ

ಉತ್ತರ: ಬೇಕಿರಲಿಲ್ಲ ಮೇಡಂ. 14,000 ಕಿ.ಮೀ.ಗೆ, ಅದೂ ತೊಂದರೆಯ ಲಕ್ಷಣವೇ ಇಲ್ಲದಿರುವಾಗ, ಅದು ಎಂಜಿನ್ನಿಗಲ್ಲ ಬಿಲ್ಲಿಗೆ ಬೇಕಿತ್ತು. ಮುಂದಿನ ಸಲ ಯಾರಾದರೂ ಹೇಳಿದರೆ ಎರಡೇ ಪ್ರಶ್ನೆ ಕೇಳಿ. ಕಂಪನಿಯ ಮೇಂಟೆನೆನ್ಸ್ ಪಟ್ಟಿಯಲ್ಲಿ ಇದು ಎಷ್ಟು ಕಿ.ಮೀ.ಗೆ ಬರೆದಿದೆ, ತೋರಿಸಿ. ವಾಲ್ವಿನ ಫೋಟೊ ತೆಗೆದಿದ್ದೀರಾ, ತೋರಿಸಿ. ಗಾಡಿಯ ಜೊತೆ ಕೊಟ್ಟ ಪುಸ್ತಕ ಡ್ಯಾಶ್‌ಬೋರ್ಡಿನಲ್ಲೇ ಇರುತ್ತದೆ, ಅದನ್ನು ತೆಗೆದು ಕೈಯಲ್ಲಿ ಹಿಡಿದು ಕೇಳಿದರೆ ಇನ್ನೂ ಒಳ್ಳೆಯದು. ಎಷ್ಟೋ ಸಲ ಡಿಕಾರ್ಬನೈಸಿಂಗ್ ಅಂದರೆ ಇನ್‌ಟೇಕಿಗೆ ಒಂದು ಬಾಟಲಿ ಕೆಮಿಕಲ್ ಹನಿ ಹನಿ ಬಿಡುವುದು, ಇಲ್ಲವೇ ಹೈಡ್ರೋಜನ್ ಮಷೀನಿನ ಪೈಪ್ ಅರ್ಧ ಗಂಟೆ ಹಚ್ಚುವುದು. ಮ್ಯಾನಿಫೋಲ್ಡ್ ಬಿಚ್ಚುವ ಮಾತೇ ಇರುವುದಿಲ್ಲ. ಹೈಡ್ರೋಜನ್ ಉರಿಯುವುದು ಸಿಲಿಂಡರಿನ ಒಳಗೆ, ನಿಮ್ಮ ವಾಲ್ವಿನ ಬೆನ್ನು ಇರುವುದು ಹೊರಗೆ.

ಪ್ರಶ್ನೆ: ಅಣ್ಣಾವ್ರೇ, ನನ್ನದು 2014ರ 1.3 ಡೀಸೆಲ್, 1,80,000 ಕಿ.ಮೀ. ಬ್ಯಾಡಗಿ ಪೇಟೆಗೆ, ಹುಬ್ಬಳ್ಳಿಗೆ ಓಡಾಟ ಜಾಸ್ತಿ. ಪಿಕಪ್ ಬಿದ್ದಿದೆ, ದಿಬ್ಬ ಹತ್ತುವಾಗ ಕರಿ ಹೊಗೆ. ಗೆಳೆಯರೊಬ್ಬರು ಎಂಜಿನ್ ಚಾಲೂ ಇಟ್ಟು ಕಾರ್ಬ್ ಕ್ಲೀನರ್ ಹೊಡಿ, ಎಲ್ಲ ಕಿತ್ತು ಬರುತ್ತದೆ ಅಂದರು. ಹೊಡೆಯಲಾ?
— ಹಾವೇರಿ

ಉತ್ತರ: ಹೊಡೆಯಬೇಡಿ. ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಅಂತ ಸಂಪಾದಕರಿಗೆ ಹೇಳಬೇಕೆನ್ನಿಸುತ್ತಿದೆ. ಡೀಸೆಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಇಲ್ಲ, ಒತ್ತಡದ ಕಾವಿಗೇ ಉರಿಯುತ್ತದೆ. ಗಾಳಿಯ ಜೊತೆ ಉರಿಯುವ ಸಾಮಾನು ಏನೇ ಬಂದರೂ ಅದು ಇಂಧನ ಅಂತಲೇ ತಿಳಿದು ಉರಿಸುತ್ತದೆ. ನೀವು ಹೊಡೆದ ಕ್ಲೀನರಿಗೆ ಎಂಜಿನ್ ತನ್ನಷ್ಟಕ್ಕೆ ರೇಸ್ ಆಗಬಹುದು, ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ, ಯಾಕೆಂದರೆ ಕೀಲಿ ನಿಲ್ಲಿಸುವುದು ಡೀಸೆಲನ್ನು ಮಾತ್ರ. ಹಾಗೆ ಓಡಿಬಿಟ್ಟ ಎಂಜಿನ್ನಿನ ಗಾಳಿ ಕಟ್ಟಬೇಕು, ಇಲ್ಲವೇ ಮೇಲಿನ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಬಂದ್ ಬೀಳಿಸಬೇಕು. ಆ ಗಳಿಗೆಯಲ್ಲಿ ಯಾರಿಗೂ ತಲೆ ಓಡುವುದಿಲ್ಲ.

ಡೀಸೆಲ್ಲಿನಲ್ಲೂ ಇಂಧನ ಸಿಲಿಂಡರಿನೊಳಗೇ ಬೀಳುವುದರಿಂದ ಇದೇ ರೋಗ, ಇನ್ನೂ ಜಾಸ್ತಿ. ಇಜಿಆರಿನಿಂದ ಬರುವ ಮಸಿ ಮತ್ತು ಆಯಿಲ್ ಆವಿ ಸೇರಿ ಮ್ಯಾನಿಫೋಲ್ಡಿನಲ್ಲಿ ಡಾಂಬರಿನಂಥ ರಾಡಿ ಆಗುತ್ತದೆ. ಆದರೆ ನಿಮ್ಮ ಕರಿ ಹೊಗೆಗೆ ನಾನು ಮೊದಲು ನೋಡುವುದು ಅದನ್ನಲ್ಲ. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿಯಿರಿ. ನಮ್ಮ ಎರಿ ಹೊಲದ ರಸ್ತೆಗಳ ಧೂಳು ಅದನ್ನು ಕಂಪನಿ ಹೇಳಿದ ಕಿ.ಮೀ.ಗಿಂತ ಬಹಳ ಮೊದಲೇ ಕಟ್ಟಿಹಾಕುತ್ತದೆ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸು ಹರಿದಿದೆಯಾ ನೋಡಿ. ಹರಿದಿದ್ದರೆ ಅದರ ಸುತ್ತ ಆಯಿಲ್ ಒದ್ದೆ ಇರುತ್ತದೆ. ಗಾಳಿ ಸೋರಿದರೆ ಕರಿ ಹೊಗೆ, ಪಿಕಪ್ ಇಲ್ಲ, ಎರಡೂ ಒಟ್ಟಿಗೆ. ಮೂರನೆಯದು ಇಜಿಆರ್ ವಾಲ್ವ್, ಅದು ತೆರೆದೇ ಉಳಿದಿದ್ದರೂ ಇದೇ ಲಕ್ಷಣ. ಅದನ್ನು ಬಿಚ್ಚಿ ತೊಳೆಯುವುದು ಮ್ಯಾನಿಫೋಲ್ಡಿನಷ್ಟು ಕಷ್ಟವಲ್ಲ. ಮೋಟರ್ ಇರುವ ಕಡೆ ದ್ರವ ಹೋಗದಂತೆ ನೋಡಿಕೊಳ್ಳಿ, ಗ್ಯಾಸ್ಕೆಟ್ ಹೊಸದು ಹಾಕಿ.

ಇವು ಮೂರೂ ಸರಿ ಇದ್ದರೆ ಮ್ಯಾನಿಫೋಲ್ಡ್ ಇಳಿಸಿ. ಹೊರಗೆ ತೆಗೆದ ಮ್ಯಾನಿಫೋಲ್ಡನ್ನು ಎಷ್ಟು ಹೊತ್ತಾದರೂ ನೆನೆಹಾಕಬಹುದು, ಇಲ್ಲಿ ಚಿಮಣಿ ಎಣ್ಣೆಯೋ ಡೀಸೆಲ್ಲೋ ನಡೆಯುತ್ತದೆ. ಕಾಸ್ಟಿಕ್ ಸೋಡಾ, ಡ್ರೈನ್ ಕ್ಲೀನರ್ ಮಾತ್ರ ಬೇಡ, ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಹೆಡ್ಡಿನಲ್ಲಿರುವ ವಾಲ್ವಿಗೆ ಗದಗಿನವರಿಗೆ ಹೇಳಿದ ಕ್ರಮ ಹಾಗೇ ನಡೆಯುವುದಿಲ್ಲ, ಡೀಸೆಲ್ಲಿನಲ್ಲಿ ಬಿಚ್ಚಲು ಸ್ಪಾರ್ಕ್ ಪ್ಲಗ್ಗೇ ಇಲ್ಲ, ಅದನ್ನು ಗ್ಯಾರೇಜಿಗೇ ಬಿಡಿ. ಇಜಿಆರಿಗೆ ತಗಡು ಹಾಕಿ ಬಂದ್ ಮಾಡಿಬಿಡು ಅನ್ನುವವರೂ ಸಿಗುತ್ತಾರೆ. ಹೊಗೆಯ ನಿಯಮಕ್ಕೆ ಅದು ವಿರುದ್ಧ, ಅದರ ಸಹವಾಸ ಬೇಡ.

ಪ್ರಶ್ನೆ: ನಾನು ನಿವೃತ್ತ ಡ್ರೈವರ್. ಅಂಬಾಸಡರ್ ಕಾಲದಲ್ಲಿ ನಮ್ಮ ಮೇಸ್ತ್ರಿ ಎಂಜಿನ್ ರೇಸ್ ಮಾಡಿ ಕಾರ್ಬುರೇಟರಿಗೆ ನೀರು ಹನಿ ಹನಿ ಬಿಡುತ್ತಿದ್ದ, ಸೈಲೆನ್ಸರಿನಿಂದ ಕರಿ ಹೊಗೆ ಹೋಗಿ ಗಾಡಿ ಹಗುರಾಗುತ್ತಿತ್ತು. ಈಗಿನ ಗಾಡಿಗೆ ಯಾಕೆ ಆಗಬಾರದು?
— ರಾಣೆಬೆನ್ನೂರು

ಉತ್ತರ: ಕಾಕಾ, ನಿಮ್ಮ ಮೇಸ್ತ್ರಿ ಸುಳ್ಳು ಮಾಡುತ್ತಿರಲಿಲ್ಲ. ನೀರು ಸಿಲಿಂಡರಿನಲ್ಲಿ ಉಗಿಯಾಗಿ ಪಿಸ್ಟನ್ ತಲೆಯ ಮೇಲಿನ ಕಾರ್ಬನ್ ಸಡಿಲಿಸುತ್ತಿತ್ತು. ಆಗ ಪಿಸ್ಟನ್ ತಲೆಯದ್ದೇ ದೊಡ್ಡ ಚಿಂತೆ. ಕೆಲವು ಸಾವಿರ ಮೈಲಿಗೊಮ್ಮೆ ಹೆಡ್ ಇಳಿಸಿ ಡಿಕೋಕ್ ಮಾಡಿ, ಅಂದರೆ ಕಾರ್ಬನ್ ಕೆರೆದು ತೆಗೆದು, ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತಿರುವುತ್ತಾ ಕೂರುವುದು ಸಾಮಾನ್ಯ ಕೆಲಸವಾಗಿತ್ತು. ಈಗ ಮಸಿ ಕೂತಿರುವ ಜಾಗ ಬೇರೆ. ವಾಲ್ವಿನ ಬೆನ್ನ ಮೇಲೆ ಸುಟ್ಟು ಅಂಟಿದ್ದಕ್ಕೆ ಹನಿ ನೀರು ಏನೂ ಮಾಡುವುದಿಲ್ಲ. ಮೇಲಾಗಿ ಆ ಮೇಸ್ತ್ರಿಯ ಕೈಗೆ ಎಷ್ಟು ಹನಿ ಅಂತ ಗೊತ್ತಿತ್ತು. ಬಾಟಲಿ ಹಿಡಿದ ಹುಡುಗರಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ದುಬಾರಿ ಪೆಟ್ರೋಲ್ ಹಾಕಿದರೆ, ಟ್ಯಾಂಕಿಗೆ ಆಡಿಟಿವ್ ಬಾಟಲಿ ಸುರಿದರೆ, ಇಲ್ಲವೇ ಹೈವೇಯಲ್ಲಿ ಜೋರಾಗಿ ಒಂದು ರೌಂಡ್ ಹೊಡೆದರೆ ಜಿಡಿಐ ವಾಲ್ವ್ ಸ್ವಚ್ಛ ಆಗುತ್ತದಾ?
— ಲಕ್ಷ್ಮೇಶ್ವರ

ಉತ್ತರ: ಟ್ಯಾಂಕಿಗೆ ಏನೇ ಸುರಿದರೂ ಅದು ಆ ವಾಲ್ವಿಗೆ ತಾಗುವುದೇ ಇಲ್ಲ, ಮೇಲೆ ಹೇಳಿದೆನಲ್ಲ. ಇಂಜೆಕ್ಟರಿಗೆ ಒಳ್ಳೆಯದಾಗಬಹುದು, ಅಷ್ಟೇ. ಹುಬ್ಬಳ್ಳಿ–ಹಾವೇರಿ ಹೈವೇ ಓಟ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಗಾಡಿಗೆ ಬೇಕೇ ಬೇಕು. ಜಿಡಿಐಗೆ ಅದರ ಲಾಭ ಬೇರೆ ರೀತಿ. ಎಂಜಿನ್ ಪೂರ್ತಿ ಬಿಸಿಯಾಗಿ ಆಯಿಲಿನಲ್ಲಿ ಸೇರಿದ ನೀರು, ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಕೂತ ಮಸಿ ಕೂತೇ ಇರುತ್ತದೆ. ಹೊಸದು ನಿಧಾನ ಕೂರಬೇಕು ಅಂದರೆ ಕಂಪನಿ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿ, ಎರಡು ಕಿ.ಮೀ. ಓಡಾಟವೇ ಜಾಸ್ತಿಯಿದ್ದರೆ ಹೇಳಿದ್ದಕ್ಕಿಂತ ಮುಂಚೆ ಬದಲಿಸಿ, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟುವಷ್ಟು ತುಂಬಿಸಬೇಡಿ. ಜಾಸ್ತಿ ತುಂಬಿಸಿದ ಆಯಿಲ್ ಪಿಸಿವಿ ದಾರಿಯಿಂದ ಇನ್‌ಟೇಕಿಗೇ ಬರುತ್ತದೆ. ಪುಕ್ಕಟೆ ಸಿಕ್ಕಿತು ಅಂತ ಡಬ್ಬಿಯಲ್ಲಿ ಉಳಿದ ಕಾಲು ಲೀಟರನ್ನೂ ಸುರಿಯುವ ಹುಡುಗರು ಇದ್ದಾರೆ, ಪಕ್ಕದಲ್ಲೇ ನಿಂತು ನೋಡಿ.

ಪ್ರಶ್ನೆ: ಸರ್, ಯೋಚನೆ ಮಾಡದೆ ಹೋದ ವಾರ ಮ್ಯಾನಿಫೋಲ್ಡ್ ಬಿಚ್ಚಿ ಕ್ಲೀನ್ ಮಾಡಿಯೇ ಬಿಟ್ಟೆ. ನಡುಕ ಹೋಯಿತು. ಆದರೆ ಈಗ ಐಡ್ಲಿಂಗ್ 1,400ಕ್ಕೆ ನಿಂತಿದೆ, ಬಾನೆಟ್ ತೆರೆದರೆ ಸೀಟಿ ಹೊಡೆದ ಹಾಗೆ ಸಣ್ಣ ಸದ್ದು. ಏನು ಕೆಡಿಸಿದೆ?
— ಕುಂದಗೋಳ

ಉತ್ತರ: ಕೆಡಿಸಿಲ್ಲ, ಮರೆತಿದ್ದೀರಿ. ಎಲ್ಲೋ ಕಳ್ಳಗಾಳಿ ಎಳೆಯುತ್ತಿದೆ. ಬ್ರೇಕ್ ಬೂಸ್ಟರಿನ ಹೋಸು, ಪಿಸಿವಿ ಹೋಸು, ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವಿನ ಸಣ್ಣ ಪೈಪು, ಈ ಮೂರರಲ್ಲಿ ಒಂದು ಹಾಕಿಲ್ಲ ಅಥವಾ ಅರ್ಧ ಹಾಕಿದ್ದೀರಿ. ಬಿಚ್ಚುವಾಗ ತೆಗೆದ ಫೋಟೊ ಇದ್ದರೆ ಒಂದೊಂದೇ ತಾಳೆ ಹಾಕಿ. ಬ್ರೇಕಿನ ಹೋಸು ನೋಡುವ ತನಕ ಗಾಡಿ ರಸ್ತೆಗೆ ಇಳಿಸಬೇಡಿ, ಅದು ಸಡಿಲಿದ್ದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಹೋಸು ಎಲ್ಲ ಸರಿ ಇದ್ದರೆ ಎಂಜಿನ್ ಚಾಲೂ ಇಟ್ಟು ಮ್ಯಾನಿಫೋಲ್ಡಿನ ಜೋಡಣೆಯ ಸುತ್ತ ಸೋಪಿನ ನೀರನ್ನು ಸ್ವಲ್ಪ ಸ್ವಲ್ಪ ಚಿಮುಕಿಸಿ, ಕಾಯಿಲು ಮತ್ತು ಕನೆಕ್ಟರ್ ಬಿಟ್ಟು. ಎಲ್ಲಿ ಸೀಟಿಯ ಸದ್ದು ಬದಲಾಗುತ್ತದೋ ಅಲ್ಲೇ ಗ್ಯಾಸ್ಕೆಟ್ ಮಡಚಿದೆ. ಹಳೆ ಗ್ಯಾಸ್ಕೆಟ್ಟನ್ನೇ ಹಾಕಿದ್ದೀರಾ? ಪತ್ರದಲ್ಲಿ ಬರೆದಿಲ್ಲ, ಆದರೆ ಹಾಕಿರುತ್ತೀರಿ ಅಂತ ನನ್ನ ಅನುಮಾನ. ಹೊಸದು ತರಿಸಿ ಹಾಕಿ, ಸ್ಕ್ಯಾನರಿನಿಂದ ಥ್ರಾಟಲ್ ಅಡಾಪ್ಟೇಶನ್, ಅಂದರೆ ಥ್ರಾಟಲ್ಲಿನ ಸರಿಯಾದ ಜಾಗವನ್ನು ಗಾಡಿಯ ಕಂಪ್ಯೂಟರಿಗೆ ಮತ್ತೆ ಕಲಿಸುವುದು, ಒಂದು ಸಲ ಮಾಡಿಸಿ. ಆಮೇಲೂ ಐಡ್ಲಿಂಗ್ ಇಳಿಯದಿದ್ದರೆ ಕೋಡ್ ಓದಿಸಿ, ಅದರ ಸಮೇತ ಇನ್ನೊಂದು ಪತ್ರ ಹಾಕಿ.